ತಲೆ ನನ್ನದು, ಯಜಮಾನಿಕೆ ಮಂದಿಯದು

ಹೆಲ್ಮೆಟ್ ಯಾಕೆ ಬೇಡ ಎನ್ನುವುದಕ್ಕೆ ಪುಣೆಯ ಮಂದಿ ಕೊಡುವ ಕಾರಣಗಳನ್ನೆಲ್ಲ ಬರೆದಿಟ್ಟರೆ ಯಾರಿಗಾದರೂ ಒಂದು ಪಿಎಚ್.ಡಿ. ಸಿಗುತ್ತದೆ. ಕುತ್ತಿಗೆ ಹಿಡಿಯುತ್ತದೆ, ಹಿಂದಿನವರ ಹಾರ್ನ್ ಕೇಳಿಸುವುದಿಲ್ಲ, ಸದಾಶಿವ ಪೇಠೆಯ ಗಲ್ಲಿಯಲ್ಲಿ ಗಾಡಿ ಓಡುವುದೇ ಇಲ್ಲ, ಇನ್ನು ಬೀಳುವುದೆಲ್ಲಿ? 2019ರ ಜನವರಿ 1ರಿಂದ ಪೊಲೀಸರು ನಿಯಮ ಬಿಗಿ ಮಾಡಿದಾಗ ಜನ ಈ ಕಾರಣಗಳನ್ನೆಲ್ಲ ಹಿಡಿದುಕೊಂಡು ಬೀದಿಗೂ ಇಳಿದರು. ಆ ಪಟ್ಟಿಯಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಒಂದೇ: ಹೆಲ್ಮೆಟ್ಟಿನಿಂದ ಕೂದಲು ಉದುರುತ್ತದೆ. ಧಾರವಾಡದಿಂದ ಬಂದ ನಾನು ಈ ಊರಿನಲ್ಲಿ ಬೇರು ಬಿಟ್ಟೆ. ಅದೇ ಹೊತ್ತಿಗೆ ನನ್ನ ಕೂದಲೂ ಬೇರು ಬಿಟ್ಟವು. ತಪ್ಪು ಸರಕಾರದ್ದು ಎಂದು ಹೇಳಲು ಇಷ್ಟು ಒಳ್ಳೆಯ ಅವಕಾಶ ಸಿಕ್ಕರೆ ಯಾವ ಗಂಡಸು ಬಿಡುತ್ತಾನೆ?

ಹೆಂಡತಿ ಬಿಡಲಿಲ್ಲ. "ರೀ, ನೀವು ಹೆಲ್ಮೆಟ್ ಹಾಕ್ಕೊಳ್ಳಾಕ ಸುರು ಮಾಡಿದ್ದು ಮೊನ್ನೆ ಮೊನ್ನೆ. ಲಗ್ನದ ಆಲ್ಬಮ್ ತಗದು ನೋಡ್ರಿ, ಹಣಿ ಆಗಲೇ ಹಿಂದಕ್ಕ ಹೊಂಟಿತ್ತು" ಎಂದಳು. ಮಾತು ಖರೆ. ಹೆಲ್ಮೆಟ್ಟು ಕೂದಲಿನ ಬುಡದ ಗೊಡವೆಗೆ ಹೋಗುವುದೇ ಇಲ್ಲ. ಒಳಗಿನ ಸ್ಪಂಜನ್ನು ವರ್ಷಗಟ್ಟಲೆ ತೊಳೆಯದೆ ಇಟ್ಟರೆ ಬೆವರು, ಜಿಡ್ಡು ಕೂಡಿ ತಲೆ ತುರಿಸುತ್ತದೆ, ಹೊಟ್ಟು ಹೆಚ್ಚುತ್ತದೆ. ಬಿಗಿಯಾದದ್ದನ್ನು ದಿನಾ ಎಳೆದೆಳೆದು ತೆಗೆದರೆ ನಾಲ್ಕು ಎಳೆ ತುಂಡಾಗುತ್ತವೆ. ಒಳಗೊಂದು ತೆಳು ಕಾಟನ್ ಬಟ್ಟೆ ಕಟ್ಟಿಕೊಂಡು, ಸ್ಪಂಜು ಬಿಚ್ಚಿ ತೊಳೆದರೆ ಮುಗಿಯಿತು. ಇಷ್ಟು ಸಣ್ಣ ಕೆಲಸಕ್ಕೆ ಪ್ರತಿಭಟನೆ ಮಾಡಲು ಬರುವುದಿಲ್ಲ. ಅದಕ್ಕೇ ಈ ಉಪಾಯ ಯಾರಿಗೂ ಸೇರುವುದಿಲ್ಲ.

ಹೆಲ್ಮೆಟ್ ವಾದ ಬಿದ್ದ ಮೇಲೆ ನೀರಿನ ವಾದ ಎತ್ತಿಕೊಂಡೆ. ಮೊದಲು ನಾವು ಕೋಥರೂಡದಲ್ಲಿ ಬಾಡಿಗೆಗೆ ಇದ್ದೆವು. ಅಲ್ಲಿ ಖಡಕವಾಸ್ಲಾ ಅಣೆಕಟ್ಟಿನ ನೀರು. ಸಾಬೂನು ತೋರಿಸಿದರೆ ಸಾಕು, ನೊರೆ. ಸ್ವಂತ ಮನೆ ಬೇಕೆಂದು ಬಾಣೇರ ಕಡೆ ಬಂದೆವು. ಸ್ವಂತ ಮನೆಯ ಜೊತೆಗೆ ಟ್ಯಾಂಕರ್ ಬಂತು, ಬೋರ್‌ವೆಲ್ ಬಂತು. ಈ ಕರಿಕಲ್ಲಿನ ನೆಲದ ಸಂದಿಯಿಂದ ಏರಿ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾರಾಳ. ನಲ್ಲಿಯ ಮೂತಿಗೆ ಬಿಳಿ ಹಕ್ಕಳೆ, ಬಕೆಟ್ಟಿನ ಅಂಚಿಗೆ ಸುಣ್ಣದ ಗೆರೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಬೇರೆ ಯಾವ ವಿಷಯಕ್ಕೂ ಒಮ್ಮತವಿಲ್ಲ. ಪಾರ್ಕಿಂಗಿಗೆ ಜಗಳ, ನಾಯಿಗೆ ಜಗಳ, ಗಣಪತಿ ವರ್ಗಣಿಗೆ ಜಗಳ. ಕೂದಲು ಉದುರುವುದಕ್ಕೆ ಟ್ಯಾಂಕರ್ ನೀರೇ ಕಾರಣ ಎಂಬಲ್ಲಿ ಮಾತ್ರ ಎ ವಿಂಗೂ ಬಿ ವಿಂಗೂ ಒಂದೇ ತಾಯಿಯ ಮಕ್ಕಳು. ಎಲ್ಲರೂ ಸೇರಿ ಸಗಟಿಗೆ ಶವರ್ ಫಿಲ್ಟರ್ ತರಿಸಿದರು. ನಮ್ಮ ಮನೆಗೂ ಒಂದು ಬಂತು. ಪ್ಲಂಬರ್ ಅದನ್ನು ಕೂರಿಸಿ, ನನ್ನ ತಲೆ ನೋಡಿ, ಹಣ ಎಣಿಸಿಕೊಳ್ಳುತ್ತ ಏನೋ ಹೇಳಲು ಹೋಗಿ ಸುಮ್ಮನಾದ. ಅವನ ಸೌಜನ್ಯ ದೊಡ್ಡದು.

ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ಸಿಕ್ಕು ಕಟ್ಟಿಸುತ್ತದೆ, ಬಾಚಿದರೆ ನಡುವೆ ಮುರಿಯುವಂತೆ ಮಾಡುತ್ತದೆ. ಸರಿ. ಆದರೆ ಹಣೆಯ ಎರಡು ಮೂಲೆ ಮತ್ತು ನೆತ್ತಿಯನ್ನೇ ಆರಿಸಿಕೊಂಡು, ಕಿವಿಯ ಮೇಲಿನದನ್ನೂ ಹೆಕ್ಕತ್ತಿನದನ್ನೂ ಹಾಗೇ ಬಿಟ್ಟು ಹೋಗುವಷ್ಟು ಬುದ್ಧಿ ಟ್ಯಾಂಕರ್ ನೀರಿಗೆ ಇಲ್ಲ. ನನ್ನ ಹೆಂಡತಿ ಇದನ್ನು ವಿಜ್ಞಾನದ ಗೋಜಿಲ್ಲದೆ ಸಾಬೀತು ಮಾಡಿದಳು. ಬೆನ್ನು ತಿರುಗಿಸಿ ನಿಂತು, "ಅದ ನೀರಿಗೆ ನನ್ನ ಜಡಿ ಸೊಂಟದ ಮಟ ಐತಲ್ಲ, ಅದಕ್ಕೇನಂತೀರಿ?" ಎಂದಳು. ಅದಕ್ಕೆ ಏನೂ ಅನ್ನಲಿಲ್ಲ. ಹದಿನೈದು ವರ್ಷದ ಸಂಸಾರ ಅಷ್ಟಾದರೂ ಕಲಿಸಿದೆ.

ಆ ಜಡೆಯ ಮಾತು ಬಂದಿದ್ದರಿಂದ ಬಚ್ಚಲಿನ ಮಾತನ್ನೂ ಹೇಳಿಬಿಡುತ್ತೇನೆ. ಬಚ್ಚಲ ಜಾಳಿಗೆ ಕಟ್ಟಿಕೊಂಡು ನೀರು ನಿಂತಾಗಲೆಲ್ಲ ಮನೆಯಲ್ಲಿ ವಿಚಾರಣೆ ನಡೆಯುತ್ತದೆ. "ಯಾರ ಕೂದಲಿದು?" ಎಂದು ಕೂಗುವವಳು ಮಗಳು. ಜಾಳಿಗೆಯಿಂದ ಎತ್ತಿದ ಗುಂಜು ಮೊಳ ಉದ್ದ ಇರುತ್ತದೆ, ಕಪ್ಪಗಿರುತ್ತದೆ, ಶಾಂಪೂ ವಾಸನೆ ಇರುತ್ತದೆ. ಆದರೂ ಎಲ್ಲರ ಕಣ್ಣು ನನ್ನ ಮೇಲೆ. ಕೂದಲು ಉದುರುವ ಕಾಯಿಲೆ ಇರುವವನು ಅಪ್ಪ, ಆದ್ದರಿಂದ ಉದುರಿದ್ದೆಲ್ಲ ಅಪ್ಪನದೇ. ಇದನ್ನೇ ಅಲ್ಲವೆ, ಹೆಸರು ಕೆಟ್ಟವನಿಗೆ ಎಲ್ಲ ಊರಲ್ಲೂ ಹೊಡೆತ ಅನ್ನುವುದು? ಅವಳು ಬಾಚಿ ತೆಗೆದ ಗುಂಜಿಗೆ ಮಾರುಕಟ್ಟೆಯಾದರೂ ಉಂಟು. ನಮ್ಮ ಕಡೆ ಓಣಿಗೆ ಬರುವ ಹೆಂಗಸರು ಆ ಗುಂಜು ತೂಗಿ ಪಿನ್ನೋ ಪಾತ್ರೆಯೋ ಕೊಟ್ಟು ಹೋಗುತ್ತಾರೆ. ಕೊಪ್ಪಳದ ಭಾಗ್ಯನಗರದಲ್ಲಿ ಇಂಥ ಕೂದಲಿನ ಸಿಕ್ಕು ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ, ವಿಗ್ಗಿಗಾಗಿ ಹೊರದೇಶಕ್ಕೆ ಕಳಿಸುವ ದೊಡ್ಡ ಉದ್ಯಮವೇ ಇದೆ. ಅಲ್ಲಿಗೆ ನನ್ನ ತಲೆಯದನ್ನು ಒಯ್ದರೆ ಕಸಬರಿಗೆ ತಗೊಂಡು ಬರುತ್ತಾರೆ.

ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಯಾರಿಗಾದರೂ ಸಹಜ. ತಲೆಯ ಮೇಲೆ ಸುಮಾರು ಒಂದು ಲಕ್ಷ ಇರುತ್ತವಂತೆ. ಒಂದೊಂದು ಎಳೆಯೂ ಎರಡರಿಂದ ಆರು ವರ್ಷ ಬೆಳೆದು, ಮೂರು ತಿಂಗಳು ಸುಮ್ಮನೆ ಕೂತು, ಬಿದ್ದು, ಆ ಜಾಗಕ್ಕೆ ಹೊಸದು ಬರುತ್ತದೆ. ಈ ಲೆಕ್ಕ ನನ್ನ ಮಗಳಿಗೆ ಎಲ್ಲೋ ಸಿಕ್ಕಿತು. ಪುಣೆಯಲ್ಲಿ ಹುಟ್ಟಿದ ಕೂಸು, ನನ್ನನ್ನು ಮರಾಠಿ ಮಕ್ಕಳಂತೆ ಬಾಬಾ ಅನ್ನುತ್ತದೆ. "ಬಾಬಾ, ನಿಮಗ ನೂರು ಉದುರೂದು ಸಾಧ್ಯ ಇಲ್ಲ. ಅಷ್ಟು ಸ್ಟಾಕ್ ಎಲ್ಲೈತಿ?" ಎಂದಿತು. ಬೋಳುತಲೆಯ ನಾಯಕನ ಕತೆ ಹೇಳುವ ರಾಜ್ ಬಿ. ಶೆಟ್ಟರ 2017ರ ಸಿನಿಮಾ 'ಒಂದು ಮೊಟ್ಟೆಯ ಕಥೆ'ಯನ್ನು ಮನೆಯವರೆಲ್ಲ ಕೂತು ನೋಡಿದಾಗ ಪರದೆಗಿಂತ ಹೆಚ್ಚು ಹೊತ್ತು ನನ್ನನ್ನೇ ನೋಡಿದವಳೂ ಇವಳೇ.

ಸುದ್ದಿ ಧಾರವಾಡಕ್ಕೆ ಮುಟ್ಟಿತು. ಮುಟ್ಟಿಸಿದ್ದು ವಿಡಿಯೊ ಕಾಲ್. ಅಲ್ಲಿಯವರೆಗೆ ನಾನು ಫೋನನ್ನು ಗದ್ದದ ಕೆಳಗಿಂದ ಹಿಡಿದು ಮಾನ ಉಳಿಸಿಕೊಂಡಿದ್ದೆ. ಒಂದು ಸಂಜೆ ಮಗಳು ಮೇಲಿಂದ ಹಿಡಿದಳು. ಅತ್ತ ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು, "ಅಯ್ಯ ಯವ್ವಾ, ಏನಾತಪಾ ಇದು! ಸೊಸಿ ಊಟಕ್ಕ ಹಾಕ್ತಾಳಿಲ್ಲೋ?" ಎಂದಳು. ಪಕ್ಕದಲ್ಲೇ ಇದ್ದ ಸೊಸೆಯ ಮುಖ ನಾನು ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಹುಬ್ಬಳ್ಳಿಗೂ ಪುಣೆಗೂ 2024ರ ಸೆಪ್ಟೆಂಬರಿನಿಂದ ವಂದೇ ಭಾರತ್ ರೈಲು ಓಡುತ್ತಿದೆ. ಅದರಿಂದ ನಾಡಿಗೆ ಆದ ಲಾಭ ಎಷ್ಟೋ, ನನಗೆ ಆದದ್ದು ಇಷ್ಟು: ಅವ್ವ ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ಮೊದಲೇ ಇಲ್ಲಿ.

ಬಂದವಳ ಚೀಲದಲ್ಲಿ ಬಟ್ಟೆಗಿಂತ ಸೊಪ್ಪು ಜಾಸ್ತಿ. ಗರಗದ ಸೊಪ್ಪು, ದಾಸವಾಳದ ಎಲೆ, ಹಿತ್ತಲ ಕರಿಬೇವು, ಗಂಟು ಕಟ್ಟಿದ ಮೆಂತ್ಯ. ನಮ್ಮ ಅಡುಗೆಮನೆಯ ಕಬ್ಬಿಣದ ಬಾಣಲೆಗೆ ಕೊಬ್ಬರಿ ಎಣ್ಣೆ ಸುರಿದು, ಅರೆದ ಸೊಪ್ಪು ಹಾಕಿ, ಸಣ್ಣ ಉರಿಯಲ್ಲಿ ಇಟ್ಟು ಮುಂದೆಯೇ ಕೂತಳು. ಮೊದಲು ಎಣ್ಣೆ ಚಟಪಟ ಸಿಡಿಯುತ್ತದೆ. ಸೊಪ್ಪಿನ ನೀರೆಲ್ಲ ಹೋಗುವವರೆಗೆ ಆ ಸದ್ದು. ಸದ್ದು ಪೂರಾ ನಿಂತು, ಸೊಪ್ಪು ಬೆರಳಲ್ಲಿ ಪುಡಿಯಾಗುವಂತಾದರೆ ಹದ. ಒಂದು ಗಳಿಗೆ ತಡವಾದರೆ ಸೀದು ಹೋಗುತ್ತದೆ. ಅಪ್ಪನ ಹಳೇ ಧೋತರದ ತುಂಡಿನಲ್ಲಿ ಸೋಸಿದಾಗ ಕಡುಹಸಿರು, ಹೆಚ್ಚುಕಡಿಮೆ ಕಪ್ಪು ಎಣ್ಣೆ ಇಳಿಯಿತು. ವಾಸನೆ ಲಿಫ್ಟಿನವರೆಗೆ ಹೋಗಿ ಎದುರು ಮನೆಯ ಕಾಕೂ ಅವರನ್ನು ಕರೆದುಕೊಂಡು ಬಂತು.

ಕಾಕೂ ಅಚ್ಚ ಪುಣೆಯವರು, ನಾರಾಯಣ ಪೇಠೆಯ ತವರು. ಬಾಣಲೆಗೆ ಇಣುಕಿ, ಸೊಪ್ಪನ್ನು ಮೂಸಿ ನೋಡಿ, ಕೊಬ್ಬರಿ ಎಣ್ಣೆಯಲ್ಲಿ ಕುದಿಸಿದ್ದಕ್ಕೆ ತಲೆಯಾಡಿಸಿದರು. ಎಳ್ಳೆಣ್ಣೆಯೇ ಆಗಬೇಕು ಎಂಬುದು ಅವರ ಅಜ್ಜಿಯ ಕಾಲದ ತೀರ್ಪು. ಅವ್ವನಿಗೆ ಮರಾಠಿ ಬಾರದು, ಕಾಕೂಗೆ ಕನ್ನಡ ಬಾರದು. ಆದರೂ ಇಬ್ಬರೂ ಅರ್ಧ ತಾಸು ಜಗಳವಾಡಿದರು, ಒಂದು ಮಾತೂ ತಪ್ಪು ತಿಳಿಯಲಿಲ್ಲ. ಕಡೆಗೆ ಒಪ್ಪಂದವಾಯಿತು: ರವಿವಾರ ಅವ್ವನ ಕೊಬ್ಬರಿ ಎಣ್ಣೆ, ಬುಧವಾರ ಕಾಕೂ ಅವರ ಎಳ್ಳೆಣ್ಣೆ. ಒಪ್ಪಂದಕ್ಕೆ ಯಾರ ತಲೆ ಒಳಪಟ್ಟಿತ್ತೋ ಅವನನ್ನು ಯಾರೂ ಕೇಳಲಿಲ್ಲ. ಬೆಳಗಾವಿ ಗಡಿ ತಂಟೆಯನ್ನು ಈ ಇಬ್ಬರಿಗೆ ಬಿಟ್ಟಿದ್ದರೆ ಎಂದೋ ಮುಗಿಯುತ್ತಿತ್ತೇನೊ ಎಂದು ಮಣೆಯ ಮೇಲೆ ಕೂತು ಯೋಚಿಸಿದೆ.

ಎಣ್ಣೆ ಹಚ್ಚುವುದು ಎಂದರೆ ಸವರುವುದಲ್ಲ. ಅವ್ವ ಅಂಗೈ ತುಂಬ ಎಣ್ಣೆ ತಗೊಂಡು ನೆತ್ತಿಗೆ ಪಟ್ಟೆಂದು ಬಡಿಯುತ್ತಾಳೆ. ಬಡಿತಕ್ಕೊಂದು ಮಾತು: ಬೀಗರ ಸುದ್ದಿ, ಹೊಲದ ಸುದ್ದಿ, ಯಾರದೋ ಮಗನಿಗೆ ಬೆಂಗಳೂರಲ್ಲಿ ಸಿಕ್ಕ ನೌಕರಿ. ಎಣ್ಣೆ ಕಿವಿಯ ಹಿಂದೆ ಇಳಿದು, ಬನಿಯನ್ನಿಗೆ ಇಳಿದು, ದಿಂಬಿನ ಕವರಿಗೆ ಮುಟ್ಟಿ, ಅಲ್ಲಿ ನನ್ನ ತಲೆಯ ನಕ್ಷೆ ಬಿಡಿಸುತ್ತದೆ. ಹೆಂಡತಿಯ ಆಕ್ಷೇಪಣೆ ಬರುವುದು ಆ ಹಂತದಲ್ಲಿ. ಪುಣೆಯ ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಬಾಟಲಿಯಲ್ಲೇ ಕೂತಿತು. ಎರಡು ದಿನ ರಜೆ ಸಿಕ್ಕಿತೆಂದು ನಾನು ಹಿಗ್ಗಿದೆ. ಅವ್ವ ಬಾಟಲಿಯನ್ನೇ ಬಿಸಿನೀರಲ್ಲಿ ನಿಲ್ಲಿಸಿದಳು.

ಇಷ್ಟರಲ್ಲಿ ಭಾವಮೈದುನ ಮೊಬೈಲಿನಲ್ಲಿ ಉಳ್ಳಾಗಡ್ಡಿ ರಸದ ವಿಡಿಯೊ ಕಳಿಸಿದ. 2002ರಲ್ಲಿ ಬಾಗ್ದಾದಿನ ವೈದ್ಯರು ಉಳ್ಳಾಗಡ್ಡಿ ರಸ ಹಚ್ಚಿ ನೋಡಿದ್ದುಂಟು. ಆದರೆ ಅದು ತಲೆಯಲ್ಲಿ ದುಡ್ಡಿನಗಲ ಕೂದಲು ಉದುರುತ್ತದಲ್ಲ, ಹುಳ ತಿಂದಿದೆ ಎನ್ನುತ್ತೇವಲ್ಲ, ಆ ಬಗೆಯ ರೋಗದ ಕೆಲವರ ಮೇಲೆ ಮಾಡಿದ ಸಣ್ಣ ಪರೀಕ್ಷೆ. ಗಂಡಸರ ಬೋಳುತಲೆಗೆ ಅದರ ಸಂಬಂಧವಿಲ್ಲ. ವಿಡಿಯೊದಲ್ಲಿ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಯಾರು ನೋಡುತ್ತಿದ್ದರು? ರಸ ಹಚ್ಚಿಕೊಂಡು ತೊಳೆದು, ಹಿಂಜವಡಿಯ ಆಫೀಸ್ ಬಸ್ಸು ಹತ್ತಿದೆ. ದಿನಾ ನನ್ನ ಹೆಗಲ ಮೇಲೆ ನಿದ್ದೆ ಮಾಡುವ ಸಹೋದ್ಯೋಗಿ ಅಂದು ಎಚ್ಚರವಾಗಿಯೇ ಇದ್ದ, ಅದೂ ಹಿಂದಿನ ಸೀಟಿನಲ್ಲಿ. ಮಧ್ಯಾಹ್ನ ಯಾರೋ ಝುಣಕ ತಂದಿದ್ದಾರೆಂದು ಪ್ಯಾಂಟ್ರಿಯಲ್ಲಿ ಡಬ್ಬಿ ಹುಡುಕಿದರು. ಮನೆಗೆ ಬಂದರೆ ಹೆಂಡತಿ, "ಉಳ್ಳಾಗಡ್ಡಿ ರೇಟ್ ಏನೈತಿ ಗೊತ್ತೈತೇನು? ಪಲ್ಯಾಕ್ಕ ಅರ್ಧಾ ಹಾಕಾಕತ್ತೀನಿ, ಇವ್ರ ತಲಿಗೆ ಎರಡು ಬೇಕಂತ" ಎಂದು ರಸದ ಅಧ್ಯಾಯ ಮುಗಿಸಿದಳು.

2025ರ ಜನವರಿಯಲ್ಲಿ ಟಿವಿಯಲ್ಲಿ ಬುಲಢಾಣಾ ಜಿಲ್ಲೆಯ ಸುದ್ದಿ ಬಂತು. ಶೇಗಾಂವ್ ತಾಲೂಕಿನ ಹಳ್ಳಿಗಳಲ್ಲಿ ನೂರಾರು ಜನರ ಕೂದಲು ಕೆಲವೇ ದಿನಗಳಲ್ಲಿ ಕೈಗೆ ಕಿತ್ತು ಬರತೊಡಗಿತ್ತು. ಚಾನೆಲ್ಲಿನವರು ಅದಕ್ಕೆ ಟಕ್ಕಲ್ ವೈರಸ್ ಎಂದು ಹೆಸರಿಟ್ಟು ಕೂಗಿದರು. ಅವ್ವ ಮೂಗಿಗೆ ಸೆರಗು ಹಿಡಿದು ನನ್ನಿಂದ ಎರಡು ಮಾರು ದೂರ ಕೂತಳು. ನನಗೆ ಮಾತ್ರ ಒಳಗೊಳಗೆ ಸಮಾಧಾನ: ಇದು ವೈರಸ್ಸೇ ಆದರೆ ನನ್ನದೂ ಅದೇ ಇರಬಹುದು! ಆಮೇಲೆ ತಿಳಿದದ್ದು ಬೇರೆ. ಚೇಳಿನ ವಿಷದ ಚಿಕಿತ್ಸೆಗೆ ಹೆಸರಾದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ಅಲ್ಲಿಗೆ ಹೋಗಿ, ಪಡಿತರದ ಗೋಧಿ ಪರೀಕ್ಷೆಗೆ ಕಳಿಸಿ, ಅದರಲ್ಲಿ ಸೆಲೆನಿಯಂ ಮಿತಿಮೀರಿದೆ ಎಂದರು. ಕಾಲೇಜಿಗೆ ಹೋಗುವ ಹುಡುಗಿಯರು ಮುಖ ಮುಚ್ಚಿಕೊಂಡು ಮನೆಯಲ್ಲಿ ಕೂತಿದ್ದರು, ಕೆಲವರ ಮದುವೆ ಮಾತು ನಿಂತಿತ್ತು ಎಂದು ಓದಿದಾಗ ನನ್ನ ನಗೆ ನಿಂತಿತು. ಅಲ್ಲಿ ಹಲವರಿಗೆ ಕೂದಲು ಮತ್ತೆ ಬಂತು. ಹೋದದ್ದು ಹಾಗೆ ಒಮ್ಮೆಲೇ ಹೋದರೆ ತಿರುಗಿ ಬರುವ ಆಸೆ ಇರುತ್ತದೆ. ನನ್ನ ತಲೆಯಿಂದ ಅವು ಸರಕಾರಿ ನೌಕರರಂತೆ ವಯಸ್ಸು ನೋಡಿಕೊಂಡು, ಒಂದೊಂದಾಗಿ ನಿವೃತ್ತಿ ಪಡೆಯುತ್ತಿದ್ದವು. ನಮ್ಮ ಮನೆಯಲ್ಲಿ ಮಾತ್ರ ಆ ತಿಂಗಳಿಂದ ಚಪಾತಿ ಬಂದ್, ಮೂರು ಹೊತ್ತು ಜೋಳದ ರೊಟ್ಟಿ. ಇದರ ಬಗ್ಗೆ ನನ್ನ ತಕರಾರಿಲ್ಲ.

ಕೊನೆಗೆ ಹೆಂಡತಿ ಕರ್ವೆ ರಸ್ತೆಯ ಕಡೆಯ ಒಬ್ಬ ಚರ್ಮವೈದ್ಯೆಯ ಬಳಿ ಕರೆದೊಯ್ದಳು. ಅವರು ಪೆನ್ನಿನಂಥ ಕ್ಯಾಮರಾವನ್ನು ನೆತ್ತಿಗೆ ಒತ್ತಿದರು. ಎದುರಿನ ಪರದೆಯಲ್ಲಿ ನನ್ನ ತಲೆ ಮೂಡಿತು. ನಾನು ಅದನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಒಂದೇ ರಂಧ್ರದ ಪಕ್ಕದಲ್ಲಿ ಒಂದು ದಪ್ಪ ಎಳೆ, ಒಂದು ನೂಲಿನಷ್ಟು ತೆಳು, ಇನ್ನೊಂದು ಬರಿಗಣ್ಣಿಗೆ ಕಾಣದಷ್ಟು ಸಣ್ಣ ರೋಮ. ನಡುನಡುವೆ ಹಳದಿ ಮಿಶ್ರಿತ ಹೊಟ್ಟಿನ ಹಾಳೆಗಳು, ಎಣ್ಣೆಯಲ್ಲಿ ಮಿಂಚುತ್ತ. ಮಗಳು ಫೋಟೊ ತೆಗೆಯಲು ಹೋದಳು, ಬೈದೆ.

ಡಾಕ್ಟರ್‌ಬಾಯಿ ಮೊದಲು ಕೇಳಿದ್ದು ಎರಡು ಮೂರು ತಿಂಗಳ ಹಿಂದೆ ಡೆಂಗಿ, ಚಿಕುನ್‌ಗುನ್ಯಾ, ಟೈಫಾಯಿಡ್ ಏನಾದರೂ ಬಂದಿತ್ತೇ ಎಂದು. ಅಂಥ ಜ್ವರ, ಆಪರೇಶನ್, ಬಾಣಂತನ, ಉಪವಾಸದ ಡಯಟ್ ಆದ ಎರಡು ಮೂರು ತಿಂಗಳಿಗೆ ಕೂದಲು ಮುಷ್ಟಿ ಮುಷ್ಟಿ ಉದುರುತ್ತದೆ, ಏನೂ ಮಾಡದಿದ್ದರೂ ಹೆಚ್ಚಿನಂಶ ತಾನೇ ಬರುತ್ತದೆ. ಹೆಂಗಸರಾದರೆ ಕಬ್ಬಿಣದಂಶ, ಥೈರಾಯಿಡ್ ನೋಡಿಸಬೇಕು. ನನ್ನದು ಅದ್ಯಾವುದೂ ಅಲ್ಲ. ನನ್ನದು ಡಿಎಚ್‌ಟಿ ಎಂಬ ಗಂಡು ಹಾರ್ಮೋನಿಗೆ ಬುಡಗಳು ಸೋತು, ಸಣ್ಣಗಾಗುತ್ತ ಹೋಗುವ ವಂಶದ ಬಳುವಳಿ. ಇನ್ನು ಹೊಟ್ಟು. ಅದಕ್ಕೆ ಕಾರಣ ಎಲ್ಲರ ತಲೆಯ ಮೇಲೂ ಇರುವ ಮ್ಯಾಲಸೇಜಿಯಾ ಎಂಬ ಶಿಲೀಂಧ್ರ, ಅದರ ಆಹಾರ ಜಿಡ್ಡು. "ರವಿವಾರ ಕೊಬ್ಬರಿ ಎಣ್ಣೆ, ಬುಧವಾರ ಎಳ್ಳೆಣ್ಣೆ ಅಂದಿರಲ್ಲ, ಅದರ ಪಾಲಿಗೆ ವಾರಕ್ಕೆ ಎರಡು ಹಬ್ಬ" ಎಂದು ನಕ್ಕರು. ಹೊಟ್ಟಿಗೆ ಕೀಟೊಕೊನಜೋಲ್ ಶಾಂಪೂ: ವಾರಕ್ಕೆ ಎರಡು ಸಲ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯುವುದು. ಬೆವರಿದ ದಿನ ತಲೆ ತೊಳೆಯಲು ಹೆದರಬಾರದು. ತೊಳೆದಾಗ ಬೀಳುವುದು ಹೇಗೂ ಬೀಳುವುದೇ. ಎಣ್ಣೆ ಹಚ್ಚಲೇಬೇಕೆಂದಿದ್ದರೆ ಕೂದಲಿನ ತುದಿಗೆ, ಅದೂ ತೊಳೆಯುವ ಮುಂಚೆ. ಒದ್ದೆ ಕೂದಲು ಬಾಚಬಾರದು, ಉಗುರಿನಿಂದ ಕೆರೆಯಬಾರದು.

ಕೂದಲಿಗೆ ಮಿನೊಕ್ಸಿಡಿಲ್ ಬರೆದರು. ಇದು ಮೂಲದಲ್ಲಿ ರಕ್ತದೊತ್ತಡದ ಗುಳಿಗೆ, 1979ರಲ್ಲಿ ಅಮೆರಿಕದಲ್ಲಿ ಬಂತು. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದು ನೋಡಿ, ಹಚ್ಚುವ ದ್ರವ ಮಾಡಿ 1988ರಲ್ಲಿ ಅನುಮತಿ ಪಡೆದರು. ನಮ್ಮ ಮನೆಯಲ್ಲಿ ಇದರ ಎರಡೂ ಗುಣಕ್ಕೆ ಕೆಲಸವಿದೆ. ಮೊದಲ ಕೆಲವು ವಾರ ಉದುರುವುದು ಹೆಚ್ಚಾಗಬಹುದು, ನಾಲ್ಕಾರು ತಿಂಗಳು ಕಾಯಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ, ಪೂರಾ ನುಣ್ಣಗಾದ ಜಾಗದಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಫಿನಾಸ್ಟರೈಡ್ ಗುಳಿಗೆಯ ಮಾತೂ ಬಂತು. ಅದನ್ನು ಡಾಕ್ಟರರ ಕಣ್ಣಳತೆಯಲ್ಲಿ ಮಾತ್ರ ನುಂಗಬೇಕು ಎಂದು ಹೆಂಡತಿಗೆ ಖಾಸಗಿಯಾಗಿ ಏನೋ ವಿವರಿಸಿದರು. ಅವಳು ಬೇಡ ಅಂದಳು. ನನ್ನ ತಲೆಯ ವಿಷಯದಲ್ಲಿ ಇದೂ ನನ್ನನ್ನು ಕೇಳದೆ ಆದ ತೀರ್ಮಾನ.

ಮನೆಗೆ ಬಂದು ಎಣ್ಣೆ ಬಂದ್ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವ್ವ ಶಾಂತವಾಗಿ ಕೇಳಿಸಿಕೊಂಡಳು.

"ಆ ಡಾಕ್ಟರ್‌ಬಾಯಿ ಕೂದ್ಲ ಹೆಂಗದಾವು?"

"ಬಾಬ್ ಕಟ್ ಅವ್ವಾ. ಕಿವಿ ಮಟ."

"ಅಷ್ಟ! ಅಕಿಗೇ ಜಡಿ ಇಲ್ಲ, ನಿನಗೇನ್ ಹೇಳ್ತಾಳ?"

ಅವ್ವನಿಗೆ ಎಣ್ಣೆಗಿಂತ ನೋವಾದದ್ದು ವಂಶದ ಮಾತಿಗೆ. ತಾಯಿಯ ತಂದೆಯ ತಲೆ ನೋಡಿ ಮೊಮ್ಮಗನ ತಲೆ ಹೇಳಬಹುದು ಎಂದು ಜನ ಅನ್ನುತ್ತಾರೆ. ಅದು ಅರ್ಧ ಖರೆ; ಒಂದು ಮುಖ್ಯ ಜೀನ್ ತಾಯಿಯಿಂದ ಬರುತ್ತದೆ, ಆದರೆ ಇನ್ನೂ ಎಷ್ಟೋ ಜೀನುಗಳು ಎರಡೂ ಕಡೆಯಿಂದ. ಹೆಂಡತಿ ಅರ್ಧವನ್ನಷ್ಟೇ ಅತ್ತೆಗೆ ಓದಿ ಹೇಳಿದಳು. "ನಮ್ಮ ತವರಮನ್ಯಾಗ ಒಬ್ಬರೂ ಬೋಳ ಇಲ್ಲ" ಎಂದು ಅವ್ವ ಟ್ರಂಕಿನ ಫೋಟೊ ತರಿಸಿದಳು. ನೋಡಿದರೆ ಅಜ್ಜ, ಅಜ್ಜನ ಅಣ್ಣ, ತಮ್ಮ, ಬೀಗರು ಎಲ್ಲರ ತಲೆಗೂ ರುಮಾಲು. ಒಬ್ಬರದಾದರೂ ಬರಿದಲೆ ಇದ್ದರೆ ಕೇಳಿ. ಊಟಕ್ಕೂ ರುಮಾಲು, ಸಂತೆಗೂ ರುಮಾಲು. ಅಜ್ಜನ ನೆತ್ತಿ ಹೇಗಿತ್ತೆಂದು ಅಜ್ಜಿ ಒಬ್ಬಳಿಗೇ ಗೊತ್ತು, ಅವಳು ಈಗಿಲ್ಲ.

ಆ ಫೋಟೊ ನೋಡಿದಾಗ ನನಗೆ ಪುಣೆಯ ಮೇಲೆ ಗೌರವ ಹೆಚ್ಚಿತು. ಈ ಊರಿನ ಪುಣೇರಿ ಪಗಡಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಲೋಕಮಾನ್ಯ ತಿಲಕರ ಚಿತ್ರವನ್ನು ಪಗಡಿ ಇಲ್ಲದೆ ನೆನಪು ಮಾಡಿಕೊಳ್ಳಿ, ಆಗುವುದಿಲ್ಲ. ಆ ಕಾಲದ ಗಂಡಸರು ರಾಷ್ಟ್ರದ ಬಗ್ಗೆ ಅಷ್ಟು ಹೊತ್ತು ಚಿಂತಿಸಲು ಸಾಧ್ಯವಾದದ್ದು ತಲೆ ಮುಚ್ಚಿದ್ದರಿಂದಲೇ ಎಂಬುದು ನನ್ನ ಸ್ವಂತ ಸಂಶೋಧನೆ. ಕಳೆದ ಬಾರಿ ಇಲ್ಲಿನ ಒಂದು ಮದುವೆಯಲ್ಲಿ ಬಂದ ಗಂಡಸರಿಗೆಲ್ಲ ಕೇಸರಿ ಫೇಟಾ ಸುತ್ತಿದರು. ಊಟ ಮುಗಿದು, ತಾಂಬೂಲ ಮುಗಿದು, ಮಂಟಪ ಬಿಚ್ಚತೊಡಗಿದರೂ ನಾನು ಅದನ್ನು ತೆಗೆದಿರಲಿಲ್ಲ. ಫೇಟಾ ಬಾಡಿಗೆಯವನು ಗೇಟಿನವರೆಗೆ ಬಂದು ಕೇಳಿ ತಗೊಂಡ.

ಈಗ ಹೊಟ್ಟು ಹೋಗಿದೆ. ತುರಿಕೆ ನಿಂತಿದೆ. ನೆತ್ತಿಯಲ್ಲಿ ಇದ್ದಷ್ಟು ಇದೆ. ಹೊಸದು ಬಂದಿದೆ ಎಂದು ನಾನು ಹೇಳುತ್ತೇನೆ, ಬೆಳಕಿಗೆ ಹಿಡಿದು ನೋಡಿ ಇಲ್ಲ ಎಂದು ಮಗಳು ಹೇಳುತ್ತಾಳೆ. ಅವ್ವನ ಎಣ್ಣೆ ಹೆಂಡತಿಯ ಜಡೆಯ ತುದಿಗೆ ಹೋಗುತ್ತಿದೆ, ಕಾಕೂ ಅವರ ಎಳ್ಳೆಣ್ಣೆಯಲ್ಲಿ ಚಟ್ನಿಪುಡಿ ಕಲಸಿಕೊಂಡು ರೊಟ್ಟಿ ತಿನ್ನುತ್ತಿದ್ದೇವೆ. ಓದುಗರಲ್ಲಿ ಯಾರಿಗಾದರೂ ಹಣೆ ಮೂಲೆಯಿಂದ ಹಿಂದೆ ಸರಿಯುವುದು ಈಗಷ್ಟೇ ಕಂಡಿದ್ದರೆ ಎಣ್ಣೆ ಕಾಯಿಸುವ ಮುಂಚೆ ಚರ್ಮವೈದ್ಯರಿಗೆ ತೋರಿಸಿ. ಇದ್ದ ಕೂದಲು ಉಳಿಸುವ ಔಷಧಿ ಇದೆ, ಹೋದದ್ದನ್ನು ಕರೆತರುವುದು ಬಲು ಕಷ್ಟ. ಇಷ್ಟರ ಮೇಲೂ ನಿಮ್ಮ ಬಳಿ ಶತಸಿದ್ಧ ಮನೆಮದ್ದು ಒಂದಿದ್ದರೆ ದಯವಿಟ್ಟು ನನಗೊಬ್ಬನಿಗೇ ಹೇಳಿ. ಅವ್ವನ ಕಿವಿಗೆ ಬೀಳುವುದು ಬೇಡ, ರೈಲು ಇನ್ನೂ ಓಡುತ್ತಿದೆ.